ಬೆರಳಿನ ಜೊತೆ ಎದ್ದ ಮುಳ್ಳು

ಟ್ಯಾಕ್ಸಿ ಓಡಿಸುವ ಅಣ್ಣನಿಗೆ ತಲೆ ಕೆಟ್ಟು ಗೊಬ್ಬರವಾಗಿತ್ತು. ಟ್ಯಾಂಕು ತುಂಬ ಪೆಟ್ರೋಲ್ ಹಾಕಿಸಿದರೂ ಮೀಟರಿನ ಮುಳ್ಳು ಖಾಲಿ ಗುರುತು ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಗ್ಯಾರೇಜು ನಡೆಸುವ ತಂಗಿಯ ಹತ್ತಿರ ಬಂದ.

“ಮೀಟರ್ ಸತ್ತೋಗಿದೆ ಕಣೇ, ಹೊಸದು ಹಾಕ್ಬಿಡು.”

“ನಾಡಿ ನೋಡ್ದೆ ಸಾಯಿಸ್ಬೇಡ ಅಣ್ಣ,” ಎನ್ನುತ್ತ ಅವಳು ಹಿಂದಿನ ಸೀಟು ಎತ್ತಿದಳು. ಟ್ಯಾಂಕಿನ ಮೇಲಿದ್ದ ವೈರನ್ನು ಬಿಡಿಸಿ, ತುದಿಯನ್ನು ಕಾರಿನ ಕಬ್ಬಿಣದ ಮೈಗೆ ಮುಟ್ಟಿಸಿದಳು. ಮುಳ್ಳು ಸರ್ರನೆ ಮೇಲೇರಿತು. “ಮೀಟರೂ ಸರಿ ಇದೆ, ವೈರೂ ಸರಿ ಇದೆ. ಕಾಯಿಲೆ ಇರೋದು ಟ್ಯಾಂಕೊಳಗೆ.”

ಮುಚ್ಚಳ ಬಿಚ್ಚಿ ಹೊರಗೆಳೆದಾಗ ಬಂದದ್ದು ಒಂದು ತಂತಿಯ ತೋಳು, ಅದರ ತುದಿಯಲ್ಲಿ ಪೆಟ್ರೋಲಿನ ಮೇಲೆ ತೇಲುವ ಪುಟ್ಟ ಫ್ಲೋಟ್. ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕಿತು. ಬಿರುಕು ಬಿಟ್ಟು, ತೇಲಬೇಕಾದದ್ದು ಮುಳುಗಿ ಕೂತಿತ್ತು.

ಹೊಸ ಫ್ಲೋಟ್ ಸಿಕ್ಕಿಸಿ, ವೈರು ಜೋಡಿಸಿ, “ಈಗ ಫ್ಲೋಟನ್ನ ಮೆಲ್ಲಗೆ ಬೆರಳಲ್ಲಿ ಎತ್ತು,” ಎಂದಳು.

ಅಣ್ಣ ಎತ್ತಿದ. ಮುಂದುಗಡೆ ಮುಳ್ಳು ಅವನ ಬೆರಳಿನ ಜೊತೆಗೇ ಎದ್ದಿತು. ಇಳಿಸಿದ, ಇಳಿಯಿತು. ಅರ್ಧ ಆಯುಷ್ಯ ನಂಬಿ ಓಡಿಸಿದ ಆ ಮುಳ್ಳಿಗೆ ಕತ್ತಲೆಯ ಟ್ಯಾಂಕಿನಿಂದ ಸುದ್ದಿ ಮುಟ್ಟಿಸುತ್ತಿದ್ದದ್ದು ಇದೇ!

“ಇಷ್ಟೇನಾ?”

“ಇಷ್ಟೇ.”

“ಇಷ್ಟೇ ಅನ್ಬೇಡ ಕಣೇ,” ಎಂದು ಅವನು ಮತ್ತೊಮ್ಮೆ ಎತ್ತಿದ.

ಎಲ್ಲ ಮತ್ತೆ ಕೂರಿಸಿದ ಮೇಲೆ ಅವನು ಕೀಲಿ ತಿರುಗಿಸಿದ. ಮುಳ್ಳು ನಿಧಾನವಾಗಿ ಮೇಲೇರಿ, ಓಡಿಸಿ ಉಳಿದಿದ್ದ ಮುಕ್ಕಾಲು ಟ್ಯಾಂಕಿನ ಗುರುತಿಗೆ ಬಂದು ನಿಂತಿತು. ಬಾಡಿಗೆಗೆ ಹೊತ್ತಾಗಿದ್ದರೂ ಅವನು ಗಾಡಿ ಹೊರಡಿಸದೆ ಅದನ್ನೇ ನೋಡುತ್ತ ಕುಳಿತ.