ಒಂದು ಹಿಡಿ ಕೊಸರು

ಶಹಾಪುರದ ನವಸಿರಿ ಬಜಾರ್ ಅಂಗಡಿಯ ಬಿಲ್ ಮಾಡುವ ಮಷಿನ್‌ಗಳಲ್ಲಿ ಮಾತಾಡುವ ಹೆಣ್ಣುದನಿ ನನ್ನದು. "ನಮಸ್ಕಾರ, ತಮಗೆ ಸ್ವಾಗತ" ಎನ್ನುವುದು ನಾನೇ, "ದಯವಿಟ್ಟು ಸಾಮಾನನ್ನು ತಟ್ಟೆಯ ಮೇಲಿಡಿ" ಎನ್ನುವುದೂ ನಾನೇ. ಕೇಳಿದವರು ಯಾರೋ ಟಿವಿಯಲ್ಲಿ ವಾರ್ತೆ ಓದುವವಳು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಇದೇ ದನಿಯಿಂದ ನನ್ನ ಅವ್ವನನ್ನು ನಾಲ್ಕು ಮಂದಿಯ ಮುಂದೆ ಕಳ್ಳಿ ಎಂದು ಕೂಗಿಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಬಜಾರಿನ ಮಾಲಕರು ವಿಶ್ವರಾಧ್ಯ ಸಾವಕಾರರು. ಯಾದಗಿರಿಯಲ್ಲೊಂದು, ಸುರಪುರದಲ್ಲೊಂದು ಅಂಗಡಿ ಇದ್ದರೂ ಮಷಿನ್ ಮೊದಲು ಬಂದದ್ದು ನಮ್ಮಲ್ಲಿಗೆ. ಅದಕ್ಕೂ ಮುಂಚೆ ಬಿಲ್ ಮಾಡುವ ಗಲ್ಲೆಯಲ್ಲಿ ಆಸ್ಮಾ ಮತ್ತು ನಾನು ಕೂರುತ್ತಿದ್ದೆವು. ಒಂದು ಸೋಮವಾರ ಹೈದರಾಬಾದಿನ ಲಾರಿ ಬಂತು, ಮಷಿನ್ ಇಳಿದವು, ನಮ್ಮ ಗಲ್ಲೆ ಗೋದಾಮು ಸೇರಿತು. ಇನ್ನು ಗಿರಾಕಿಗಳೇ ತೂಗಬೇಕು, ಗಿರಾಕಿಗಳೇ ಬಿಲ್ ಮಾಡಬೇಕು, ಮಷಿನ್ನಿನ ಬಾಯಿಗೆ ನೋಟು ತುರುಕಿ ಅಥವಾ ಫೋನ್ ತೋರಿಸಿ ಹೋಗಬೇಕು. ಮ್ಯಾನೇಜರ್ ಬಾಲರಾಜ ಆಸ್ಮಾಳನ್ನು ಕರೆದು "ನಾಳಿಂದ ಬರೋದು ಬ್ಯಾಡವಾ" ಎಂದ. ಅವಳೀಗ ನಸುಕಿನಲ್ಲಿ ಎದ್ದು, ಯಾದಗಿರಿಯಲ್ಲಿ ಬಸ್ಸು ಬದಲಿಸಿ, ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸಲು ಹೋಗುತ್ತಾಳೆ.

ನನ್ನನ್ನು ಉಳಿಸಿಕೊಂಡದ್ದು ದಯೆಯಿಂದಲ್ಲ. ಮಷಿನ್ ಬರೀ ಹಿಂದಿ ಮಾತಾಡುತ್ತಿತ್ತು. ನಾನು ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವಳು. ಗೋದಾಮಿನಲ್ಲಿ ಅಕ್ಕಿ ಚೀಲಗಳ ನಡುವೆ ಕೂರಿಸಿ, ಫ್ಯಾನ್ ಆರಿಸಿ, ಬೆವರು ಸುರಿಯುವಾಗ ನನ್ನ ದನಿ ಹಿಡಿದರು. ನಾನು ಮೊದಲು ನಮ್ಮ ಮಾತಿನಲ್ಲೇ ಹೇಳಿದೆ. ಬಾಲರಾಜ ಮುಖ ಕಿವುಚಿದ. "ಪುಸ್ತಕದಾಗಿನ ಕನ್ನಡ ಹೇಳವಾ. ನಮ್ಮ ಮಾತು ಹಚ್ಚಿದ್ರ ಮಷಿನ್‌ಗ ಕಿಮ್ಮತ್ತು ಇರಂಗಿಲ್ಲ." ಆ ಕೆಲಸಕ್ಕೆ ಅವರು ಕೊಟ್ಟದ್ದು ಒಂದು ಪೇಡೆಯ ಡಬ್ಬಿ. ಜೊತೆಗೆ ಕೊರಳಿಗೆ ಒಂದು ಕಾರ್ಡು. ಮಷಿನ್ ಎಲ್ಲಾದರೂ ಮುನಿಸಿಕೊಂಡು ಕೆಂಪು ದೀಪ ಹಚ್ಚಿದರೆ ನಾನು ಹೋಗಿ ಕಾರ್ಡು ತೋರಿಸಬೇಕು. ಆಗ ಪರದೆಯ ಮೇಲೆ ಎರಡು ಗುಂಡಿ ಮೂಡುತ್ತವೆ: 'ತೂಕದ ತಪ್ಪು', 'ಕಳವು'. ಕಳವು ಒತ್ತಿದರೆ ಎದುರಿಗಿದ್ದವರ ಮುಖ ತಾನೇ ಹೋಗಿ ಬಾಗಿಲ ಬಳಿಯ ದೊಡ್ಡ ಟಿವಿಯಲ್ಲಿ ಕೂರುತ್ತದೆ. ಬಂದವರೆಲ್ಲ ನೋಡಿಯೇ ಒಳಗೆ ಬರಬೇಕು.

ಸುಳ್ಳೇಕೆ ಹೇಳಲಿ, ಮಷಿನ್ ಒಳ್ಳೆಯದನ್ನೂ ಮಾಡಿತ್ತು. ಕಾಲೇಜು ಹುಡುಗಿಯರು ತಿಂಗಳ ಪ್ಯಾಡನ್ನು ಯಾರಿಗೂ ತೋರಿಸದೆ ಒಯ್ಯುತ್ತಿದ್ದರು. ಸಂಜೆ ಬಸ್ಸು ಹಿಡಿಯುವ ಮಂದಿಗೆ ಸಾಲು ತಪ್ಪಿತ್ತು. ಮತ್ತು ನನ್ನ ಅವ್ವ. ಅವ್ವನಿಗೆ ಆ ಮಷಿನ್ ಅಂದರೆ ಬಲು ಪ್ರೀತಿ.

ಅವ್ವನ ಹೆಸರು ಮರಿಲಿಂಗಮ್ಮ. ಕಾಯಿಪಲ್ಲೆ ಬಜಾರಿನಲ್ಲಿ ಪುಂಡಿಪಲ್ಲೆ, ಮೆಂತ್ಯ, ರಾಜಗಿರಿ ಇಟ್ಟುಕೊಂಡು ಕೂರುತ್ತಾಳೆ. ನಮ್ಮ ಓಣಿಯ ಎಲ್ಲ ಮನೆಗಳಂತೆ ನಮ್ಮ ಮನೆಯಲ್ಲೂ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಆ ಓಣಿಯಿಂದ ಬಂದವರು ಅಂಗಡಿಗೆ ಹೋದರೆ ಏನಾಗುತ್ತದೆ ಎಂದು ಅವ್ವನಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಿರಾಣಿ ನಾಗಣ್ಣ ಇವತ್ತಿಗೂ ಅವಳ ಚೀಲಕ್ಕೆ ಸಕ್ಕರೆಯನ್ನು ಮೊಳ ಎತ್ತರದಿಂದ ಸುರಿಯುತ್ತಾನೆ. ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಾನೆ. ಕೊಸರು ಮಾತ್ರ ಹಾಕುತ್ತಾನೆ, ಅದನ್ನೂ ಮೇಲಿನಿಂದಲೇ. ತೂಗಿದವನು ತೂಕದ ಮೇಲೆ ಒಂದು ಹಿಡಿ ಹಾಕದೆ ಚೀಲ ಕಟ್ಟುವುದು ನಮ್ಮ ಕಡೆ ಇಲ್ಲವೇ ಇಲ್ಲ. ಬೈಗುಳ ಬೇಕಾದರೆ ಬೈಯುತ್ತಾರೆ, ಕೊಸರು ತಪ್ಪಿಸುವುದಿಲ್ಲ.

ಮಷಿನ್ ಮೊದಲ ಸಲ "ನಮಸ್ಕಾರ, ತಮಗೆ ಸ್ವಾಗತ" ಎಂದಾಗ ಅವ್ವ ಹೌಹಾರಿ ನನ್ನತ್ತ ನೋಡಿದಳು. ಆಮೇಲೆ ಅದು ನನ್ನ ದನಿ ಎಂದು ತಿಳಿದು ನಕ್ಕದ್ದೇ ನಕ್ಕದ್ದು. "ಇಷ್ಟು ವರ್ಷಕ್ಕ ಒಂದು ಅಂಗಡಿ ನನಗ 'ತಾವು' ಅಂತು ನೋಡು. ಅದೂ ನನ್ನ ಮಗಳ ಬಾಯಿಲಿಂದ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಂದಿನಿಂದ ಬುಟ್ಟಿ ಖಾಲಿಯಾದ ದಿನ ನವಸಿರಿಗೆ ಬಂದು ಒಂದು ಸೋಪು, ಒಂದು ಕಡ್ಡಿಪೆಟ್ಟಿಗೆ ಏನಾದರೂ ಒಯ್ಯುವುದು ರೂಢಿಯಾಯಿತು. ಮಷಿನ್ "ಧನ್ಯವಾದ" ಎಂದರೆ "ಬರ್ತೀನವಾ" ಎಂದು ಅದಕ್ಕೆ ಉತ್ತರ ಕೊಟ್ಟೇ ಹೋಗುತ್ತಿದ್ದಳು.

ಆ ದಿನ ಮಧ್ಯಾಹ್ನ ಅವಳು ಬಂದಾಗ ಬುಟ್ಟಿಯಲ್ಲಿ ಇನ್ನೂ ಒಂದಿಷ್ಟು ಪುಂಡಿಪಲ್ಲೆ ಉಳಿದಿತ್ತು. "ತೊಗರಿ ಬ್ಯಾಳಿ ಒಯ್ಯಬೇಕು. ಹೆಂಗ ತೂಗೋದು?" ಎಂದು ಕೇಳಿದಳು. ಬಿಡಿ ಸಾಮಾನನ್ನು ಅವಳು ಒಯ್ಯುವುದು ಅದೇ ಮೊದಲು.

"ಡಬ್ಬ್ಯಾಗಿಂದ ನೀನೇ ಚೀಲಕ್ಕ ಹಾಕು. ತಕ್ಕಡಿ ಮ್ಯಾಲ ಇಡು, ಚೀಟಿ ಬರ್ತದ, ಹಚ್ಚು. ಇಲ್ಲಿ ತೂಗೋರು ನೀವೇ" ಎಂದೆ. ಅದು ನಾನು ದಿನಾ ಎಲ್ಲರಿಗೂ ಹೇಳುತ್ತಿದ್ದ ಮಾತು. ಅಷ್ಟರಲ್ಲಿ ಒಬ್ಬರು ಫೋನಿನಲ್ಲಿ ಕಟ್ಟಿದ ದುಡ್ಡು ಸಿಕ್ಕಿಹಾಕಿಕೊಂಡಿತೆಂದು ನನ್ನನ್ನು ಕರೆದರು.

ಅಲ್ಲಿಂದಲೇ ಅವ್ವನನ್ನು ನೋಡುತ್ತಿದ್ದೆ. ಬರೋಬ್ಬರಿ ಒಂದು ಕೆಜಿ ತೂಗಿದಳು, ಚೀಟಿ ಹಚ್ಚಿದಳು. ಆಮೇಲೆ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಬೇಳೆ ತೆಗೆದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿದಳು. ಕದ್ದುಮುಚ್ಚಿ ಅಲ್ಲ, ಬಜಾರಿನಲ್ಲಿ ದಿನಾ ಗಿರಾಕಿಗಳಿಗೆ ಹಾಕುವ ಹಾಗೆಯೇ. ನಾನು ಕಣ್ಣಾರೆ ನೋಡಿದೆ, ಅದರಲ್ಲಿ ತಪ್ಪಿದೆ ಎಂದು ನನಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ತೂಗಿದ ಕೈ ಕೊಸರು ಹಾಕಿತು, ಅಷ್ಟೇ.

ಅವ್ವ ಮಷಿನ್ನಿಗೆ ಚೀಟಿ ತೋರಿಸಿ ಚೀಲವನ್ನು ತಟ್ಟೆಯ ಮೇಲಿಟ್ಟಳು. ಕೆಂಪು ದೀಪ ಹತ್ತಿತು. ನನ್ನ ದನಿ ಇಡೀ ಅಂಗಡಿಗೆ ಕೇಳುವಂತೆ ಹೇಳಿತು: "ಚೀಲದಲ್ಲಿ ಬಿಲ್ ಆಗದ ಸಾಮಾನಿದೆ. ದಯವಿಟ್ಟು ಸಿಬ್ಬಂದಿಯನ್ನು ಕರೆಯಿರಿ."

"ಯಾಕವಾ, ಏನಾತು?" ಎಂದು ಅವ್ವ ಮಷಿನ್ನನ್ನೇ ಕೇಳಿದಳು. ಮಷಿನ್ ಮತ್ತೆ ಅದನ್ನೇ ಹೇಳಿತು. ಅವ್ವನ ಮುಖದ ಮೇಲಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಮಗಳು ಏನೋ ತಮಾಷೆ ಮಾಡುತ್ತಿದ್ದಾಳೆ ಎಂಬಂತೆ ನಿಂತಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಗಂಟಲಿಗೆ ಕೈ ಹಾಕಿ ಆ ದನಿಯನ್ನು ಕಿತ್ತು ಬಿಸಾಡಬೇಕು ಅನ್ನಿಸುತ್ತದೆ.

ನಾನು ಓಡಿ ಬರುವಷ್ಟರಲ್ಲಿ ಬಾಲರಾಜ ಚೀಲವನ್ನು ಎತ್ತಿ ಹಿಡಿದಿದ್ದ. "ಚೀಟಿ ಹಚ್ಚಿದ ಮ್ಯಾಲ ಬ್ಯಾಳಿ ತುಂಬ್ಯಾಳ. ಕ್ಯಾಮೆರಾದಾಗ ಸಾಫ್ ಕಾಣಸ್ತದ."

"ಹೌದ್ರಿ, ಹಾಕೀನಿ. ಕೊಸರು" ಎಂದಳು ಅವ್ವ.

"ಕೊಸರು?"

"ತೂಗೋರು ನೀವೇ ಅಂದ್ರಿ. ಹಂಗಾದ್ರ ಕೊಸರು ಹಾಕೋರು ಮತ್ಯಾರ್ರಿ? ಬರೇ ತೂಕ ಕಟ್ಟಿಕೊಂಡು ಹೋದ್ರ ಮನಿಗಿ ಬರಕತ್ ಇರಂಗಿಲ್ಲ."

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಬಾಲರಾಜನಿಗೆ ಆ ನಗು ಸಾಕಾಯಿತು. "ಇದು ಸಂತಿ ಅಲ್ಲ ಮುದುಕಿ. ಚೋರಿಗಿ ಚಂದನ್ನ ಹೆಸರು ಇಟ್ಟೀದಿ" ಎಂದ.

ಚೋರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವ್ವ ಅವನ ಕೈಯಿಂದ ಚೀಲ ತೆಗೆದುಕೊಂಡು ಪಕ್ಕದ ಹಲಗೆಯ ಮೇಲಿಟ್ಟಳು. "ತಪ್ಪಾಗಿದ್ರ ತಿರುಗಿ ಡಬ್ಬಿಗಿ ಹಾಕ್ತೀನ್ರಿ" ಎನ್ನುತ್ತ ಚೀಲದ ಗಂಟು ಬಿಚ್ಚಿ ಒಂದು ಹಿಡಿ ತೆಗೆದಳು.

ಆಗ ಪಕ್ಕದ ಮಷಿನ್ನಿನ ಹತ್ತಿರ ನಿಂತಿದ್ದ, ಭೀಮರಾಯನಗುಡಿ ಕ್ಯಾಂಪಿನಿಂದ ಕಾರಿನಲ್ಲಿ ಬರುವ ಹೆಂಗಸು ಬಾಯಿ ತೆರೆದಳು. ಅವಳಿಗೆ ಅವ್ವನ ಗುರುತಿತ್ತು, ಓಣಿಯೂ ಗೊತ್ತಿತ್ತು. "ಆಕಿ ಕೈಯಾಗಿನ ಬ್ಯಾಳಿ ತಿರುಗಿ ಹಾಕಸಬ್ಯಾಡ್ರಿ. ನಾವೂ ಅದೇ ಒಯ್ಯೋರು."

ಬೆಳಗಿನಿಂದ ಊರಿನ ಕೈಯೆಲ್ಲ ಆ ಡಬ್ಬಿಯಲ್ಲಿ ಆಡಿತ್ತು. ಮೂಗು ಒರೆಸಿದ ಕೈ, ನೋಟು ಎಣಿಸಿದ ಕೈ, ಈ ಹೆಂಗಸಿನದೇ ಬಳೆ ತುಂಬಿದ ಕೈ. ಯಾವ ಕೈಯೂ ಬೇಳೆಯನ್ನು ಕೆಡಿಸಿರಲಿಲ್ಲ. ಅವ್ವನ ಕೈ ಮಾತ್ರ ಕೆಡಿಸಿತು. ಮಷಿನ್ನಿಗೆ ಜಾತಿ ಗೊತ್ತಿಲ್ಲ ಎಂದು ನಾವು ತಾಯಿಮಗಳು ಖುಷಿಪಟ್ಟದ್ದೇ ಬಂತು. ಮಷಿನ್ನಿನ ಸುತ್ತ ನಿಂತವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಬಾಲರಾಜ ಆ ಹೆಂಗಸಿಗೆ "ಆಯ್ತು ಮೇಡಂ, ಹಾಕಸಂಗಿಲ್ರಿ" ಎಂದು ತಲೆಬಾಗಿ, ನನ್ನ ಕಡೆ ತಿರುಗಿದ. "ಕಾರ್ಡ್ ತೋರಸು. ಕಳವು ಒತ್ತು."

"ಆಕಿ ನಮ್ಮವ್ವ."

"ಗೊತ್ತದ. ಒತ್ತು."

ಗದ್ದಲ ಕೇಳಿ ವಿಶ್ವರಾಧ್ಯ ಸಾವಕಾರರು ತಮ್ಮ ಗಾಜಿನ ಕೋಣೆಯಿಂದ ಇಳಿದು ಬಂದರು. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು, "ನೋಡವಾ ಪರಿಮಳಾ, ನನಗೂ ಮನಸಿಗಿ ಬರವಲ್ದು. ಆದ್ರ ಮಂದಿ ನೋಡ್ಯಾರ. ನಿನಗೊಂದು ಊರಿಗೊಂದು ಕಾಯ್ದೆ ಮಾಡಾಕ ಬರಂಗಿಲ್ಲ. ಒಂದು ವಾರ ಫೋಟೋ ಇರ್ತದ. ಆಮ್ಯಾಲ ನಾನೇ ತೆಗಸ್ತೀನಿ."

"ಸಾವಕಾರ್ರ, ಹಂಗ ಮಾಡಬ್ಯಾಡ್ರಿ" ಎಂದಳು ಅವ್ವ. "ನಾ ತಕ್ಕಡಿ ಹಿಡಿದು ಬದುಕೋಳು. ಬಾಗಲದಾಗ ನನ್ನ ಮಾರಿ ಹಚ್ಚಿದ್ರ ನನ್ನ ತಕ್ಕಡಿ ಮುಂದ ಯಾರು ನಿಂದರತಾರ್ರಿ? ಇಜ್ಜತ್ ಹೋದ ಮ್ಯಾಲ ವಾರ ಆದ್ರೇನು, ವರ್ಷ ಆದ್ರೇನು."

ಅವ್ವ ಕೈಮುಗಿದಿದ್ದಳು. ಆ ಮುಗಿದ ಕೈಯೊಳಗೆ ಇನ್ನೂ ಆ ಒಂದು ಹಿಡಿ ಬೇಳೆ ಇತ್ತು. ಹಾಕಲು ಜಾಗವಿಲ್ಲದೆ ಹಿಡಿದುಕೊಂಡೇ ನಿಂತಿದ್ದಳು. ಅದನ್ನು ನೋಡಿ ನನಗೆ ತಲೆಗೆ ಬೆಂಕಿ ಹತ್ತಿತು.

"ಸಾವಕಾರ್ರ, ನಿಮ್ಮ ಮನಿಗಿ ಪುಂಡಿಪಲ್ಲೆ ಯಾರ ಬುಟ್ಟಿಲಿಂದ ಹೋಗ್ತದ?" ಎಂದು ಕೇಳಿದೆ.

ಅವರು ಅವ್ವನ ಬುಟ್ಟಿಯತ್ತ ಒಮ್ಮೆ ನೋಡಿದರು.

"ನಮ್ಮವ್ವನ ಬುಟ್ಟಿಲಿಂದ. ನಿಮ್ಮ ಮನಿ ಅಮ್ಮಾರು ಕೊಸರು ಇಲ್ದ ಎಂದಾದ್ರೂ ಚೀಲದ ಬಾಯಿ ಮುಚ್ಯಾರೇನ್ರಿ? 'ಇನ್ನೊಂದೀಟು ಹಾಕು, ಇನ್ನೊಂದೀಟು ಹಾಕು' ಅಂತ ಇಸಗೊಂಡು, ಮೈಲಿಗಿ ಹೋಗ್ಲಿ ಅಂತ ಮ್ಯಾಲ ನೀರು ಚಿಮುಕಿಸಿ ಒಳಗ ಒಯ್ತಾರ. ಅದು ಚೋರಿ ಅಲ್ಲೇನು?"

"ಅದು ಬ್ಯಾರೆ ಮಾತು. ಅದು ಆಕಿ ತಾನಾಗಿ ಕೊಟ್ಟದ್ದು" ಎಂದರು ಸಾವಕಾರರು.

"ಇಲ್ಲಿ ಕೊಡೋರು ಯಾರನ್ನ ಇಟ್ಟೀರಿ? ಆಸ್ಮಾನ್ನ ಕಳಿಸೀರಿ. ಗಲ್ಲೆ ಕಿತ್ತೀರಿ. ಕೊಡೋ ಕೈ ತೆಗೆದು ಹಾಕಿ, ಎಲ್ಲ ಕೆಲಸ ಗಿರಾಕಿ ತಲಿ ಮ್ಯಾಲ ಹೊರಿಸೀರಿ. ತೂಗೋದು ಆಕಿ, ಕಟ್ಟೋದು ಆಕಿ, ಹೊರೋದು ಆಕಿ. ಕೊಸರು ಹಾಕಿದ್ರ ಮಾತ್ರ ಕಳ್ಳಿ!"

"ಬಾಯಿ ಭಾಳ ಆತು" ಎಂದ ಬಾಲರಾಜ. "ಕಳವು ಒತ್ತತಿಯೋ, ಕೆಲಸ ಬಿಡತಿಯೋ?"

ನಾನು ಮಷಿನ್ನಿಗೆ ಕಾರ್ಡು ತೋರಿಸಿದೆ. ಎರಡು ಗುಂಡಿ ಮೂಡಿದವು. ಎಲ್ಲರೂ ನೋಡುತ್ತಿದ್ದಂತೆ 'ತೂಕದ ತಪ್ಪು' ಒತ್ತಿದೆ. ಕೆಂಪು ದೀಪ ಆರಿತು. ಬಾಗಿಲ ಬಳಿಯ ಟಿವಿಯಲ್ಲಿ ಸಾಬೂನಿನ ಜಾಹೀರಾತು ಬಿಟ್ಟರೆ ಬೇರೇನೂ ಬರಲಿಲ್ಲ. ಕೊರಳಿನ ಕಾರ್ಡು ಕಳಚಿ ಸಾವಕಾರರ ಮುಂದೆ ಹಿಡಿದೆ. ಅವರು ತಕ್ಷಣ ಕೈ ಚಾಚಲಿಲ್ಲ, ನಾನು ಅದನ್ನು ಪಕ್ಕದ ಹಲಗೆಯ ಮೇಲೆ ಇಟ್ಟೆ. ನಾಗಣ್ಣ ಚಿಲ್ಲರೆ ಇಡುವ ಹಾಗೆ.

"ನಡಿಯವ್ವ" ಎಂದೆ.

ಅವ್ವ ಕೂಡಲೇ ಬರಲಿಲ್ಲ. ಮುಷ್ಟಿಯ ಬೇಳೆಯನ್ನು ಚೀಲಕ್ಕೇ ಹಾಕಿ, ಚೀಲವನ್ನು ಬಾಲರಾಜನ ಕಾಲ ಬಳಿ ಇಟ್ಟಳು. "ಈ ಬ್ಯಾಳಿ ನನಗ ಬ್ಯಾಡ" ಎಂದಳು. ಆಮೇಲೆ ತನ್ನ ಬುಟ್ಟಿಗೆ ಕೈ ಹಾಕಿ, ಪುಂಡಿಪಲ್ಲೆಯ ಒಂದು ಹಿಡಿ ತೆಗೆದು ಮಷಿನ್ನಿನ ತಟ್ಟೆಯ ಮೇಲಿಟ್ಟಳು. "ಸಾವಕಾರ್ರ, ಇದು ನಿಮಗ ಕೊಸರು" ಎಂದಳು.

ಮತ್ತೆ ಕೆಂಪು ದೀಪ ಹತ್ತಿತು. "ಬಿಲ್ ಆಗದ ಸಾಮಾನಿದೆ. ದಯವಿಟ್ಟು ಸಿಬ್ಬಂದಿಯನ್ನು ಕರೆಯಿರಿ."

ಬಾಲರಾಜ ಹಲಗೆಯ ಮೇಲಿನ ಕಾರ್ಡು ತೆಗೆದುಕೊಂಡು ಮಷಿನ್ನಿಗೆ ತೋರಿಸಿ ಗುಂಡಿ ಒತ್ತಿದ. ದೀಪ ಆರಿ ಮತ್ತೆ ಹತ್ತಿತು. ಪಲ್ಲೆ ತಟ್ಟೆಯ ಮೇಲಿರುವ ತನಕ ಅದು ಸುಮ್ಮನಾಗುವುದಿಲ್ಲ. ಎತ್ತಿ ಕೆಳಗಿಟ್ಟರೆ ಮುಗಿಯಿತು, ಅಷ್ಟೇ ಕೆಲಸ. ಬಾಲರಾಜ ಸಾವಕಾರರ ಮುಖ ನೋಡಿದ. ಸಾವಕಾರರು ಕ್ಯಾಂಪಿನ ಹೆಂಗಸಿನ ಮುಖ ನೋಡಿದರು. ನೀರು ಚಿಮುಕಿಸದ ಆ ಪಲ್ಲೆಗೆ, ಆ ಹೆಂಗಸು ನೋಡುತ್ತಿರುವಾಗ, ಒಬ್ಬರೂ ಕೈ ಹಾಕಲಿಲ್ಲ.

ನಾವು ಬಾಗಿಲ ತನಕ ಬಂದಿದ್ದೆವು. ಹಿಂದಿನಿಂದ ನನ್ನ ದನಿ ಬಹಳ ಮರ್ಯಾದೆಯಿಂದ ಕೂಗುತ್ತಲೇ ಇತ್ತು: "ದಯವಿಟ್ಟು ಸಿಬ್ಬಂದಿಯನ್ನು ಕರೆಯಿರಿ. ದಯವಿಟ್ಟು ಸಿಬ್ಬಂದಿಯನ್ನು ಕರೆಯಿರಿ."

ಅವ್ವ ಹೊಸ್ತಿಲಲ್ಲಿ ನಿಂತು ತಿರುಗಿದಳು. "ನಿನ್ನನ್ನೇ ಕರಿಯಾಕತ್ತಾದಲ್ಲ?"

"ಕರೀಲಿ" ಎಂದೆ. ಅವಳ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ನನ್ನ ತಲೆಯ ಮೇಲಿಟ್ಟುಕೊಂಡೆ.