ಹಿಂಬದಿ ಖಾಲಿಯಿದ್ದ ಚೀಟಿ

ನಿಘಂಟು ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪದಕ್ಕೆ ಕೊಡುವ ಉದಾಹರಣೆಯನ್ನು ಯಾರೂ ಕೂತಲ್ಲೇ ಹೆಣೆಯುವ ಹಾಗಿಲ್ಲ. ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳಿರಬೇಕು. ಚೀಟಿಯ ಮುಂದೆ ವಾಕ್ಯ, ಹಿಂದೆ ಆಡಿದವರ ಗುರುತು. ಈ ನಿಯಮ ಮಾಡಿದ ಸಂಪಾದಕರನ್ನು ಎಲ್ಲರೂ ತಾತ ಎನ್ನುತ್ತಿದ್ದರು.

ಅವಳೂ ಅವಳ ಗಂಡನೂ ಅಲ್ಲಿ ಎದುರುಬದುರು ಮೇಜಿನವರು. ಅವನ ಕಿವಿ ಸದಾ ನೆಟ್ಟಗೆ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕೊನೆಗೆ ಮನೆಯ ಜಗಳದಲ್ಲೂ ಜೇಬಿನಿಂದ ಚೀಟಿ ತೆಗೆಯುತ್ತಿದ್ದ. ನೆಮ್ಮದಿಯಾಗಿ ಬೈಯುವುದಕ್ಕೂ ಬಿಡುವುದಿಲ್ಲವಲ್ಲ ಎಂದು ಅವಳು ತಲೆ ಚಚ್ಚಿಕೊಂಡರೆ ಅದನ್ನೂ ಬರೆದುಕೊಳ್ಳುತ್ತಿದ್ದ.

ಅವನು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅವನನ್ನು ನೆನೆದರೆ ಅವಳಿಗೆ ಆಸ್ಪತ್ರೆಯ ದಿನಗಳ ಹೊರತು ಬೇರೇನೂ ನೆನಪಾಗುತ್ತಿರಲಿಲ್ಲ. ಅಚ್ಚಿಗೆ ಹೋಗುವ ಮುನ್ನ 'ಕ' ಅಕ್ಷರದ ಡ್ರಾಯರು ಅವಳ ಪಾಲಿಗೆ ಬಂದಾಗ, ಅವನ ಚೀಟಿಗಳಲ್ಲಾದರೂ ಅದಕ್ಕೂ ಮುಂಚಿನ ಮನೆ ಸಿಕ್ಕೀತೆಂದು ಒಂದೊಂದನ್ನೇ ತಿರುವಿದಳು.

'ಕಳೆದುಕೊಳ್ಳು' ಚೀಟಿಯಲ್ಲಿ ತಾತನ ಅಕ್ಷರವಿತ್ತು: 'ದಾರಿಹೋಕನು ತನ್ನ ಗಂಟನ್ನು ಕಳೆದುಕೊಂಡನು.' ತಿರುಗಿಸಿದಳು. ಹಿಂದೆ ಖಾಲಿ.

ಎದ್ದು ಹೋಗಿ ಅವರ ಮುಂದಿಟ್ಟಳು.

"ತಾತ, ಇದನ್ನ ಹೇಳಿದ್ದು ಯಾರು?"

ಅವರು ಕನ್ನಡಕ ಒರೆಸಿದರು. ಹಳೆಯ ಚೀಟಿಯನ್ನು ಇಲಿ ತಿಂದಿತು, ಅದಕ್ಕೇ ಇದನ್ನು ಬರೆದಿಟ್ಟೆ ಎಂದರು. ಅರವತ್ತು ಸಾವಿರ ಚೀಟಿಯಲ್ಲಿ ಅದೊಂದನ್ನೇ ಆರಿಸಿ ತಿಂದಿತೇ ಎಂದು ಅವಳು ಕೇಳಿದಳು. ತಾತನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕನ್ನಡಕದ ಡಬ್ಬಿಯ ತಳದಿಂದ ಒಂದು ಚೀಟಿ ತೆಗೆದುಕೊಟ್ಟು, ನಿನ್ನ ಕಣ್ಣಿಗೆ ಬೀಳದಿರಲಿ ಅಂತ ಹಾಗೆ ಮಾಡಿದೆ ಕಣಮ್ಮ ಎಂದರು.

ಗಂಡನ ವಾಲಿದ ಅಕ್ಷರ. 'ಈ ಕೊಡೆನೂ ಕಳ್ಕೊಂಡು ಬಂದ್ಯಾ? ಹೀಗಾದ್ರೆ ಒಂದಿನ ನಿನ್ನನ್ನೇ ಎಲ್ಲಾದ್ರೂ ಬಿಟ್ಟು ಬರ್ತೀಯ.'

ಹಿಂದೆ: 'ಹೆಂಡತಿ. ಬಾಗಿಲಲ್ಲಿ, ಟವೆಲ್ ಹಿಡಿದು. ನಗು ತಡೆದುಕೊಂಡು.'

ಅವನು ಮಳೆಯಲ್ಲಿ ನೆನೆದು ತೊಟ್ಟಿಕ್ಕುತ್ತಾ ಹೊಸ್ತಿಲಲ್ಲಿ ನಿಂತದ್ದು, ಇದು ನಾಲ್ಕನೆಯದು ಎಂದು ತಾನು ಬೆರಳು ಮಡಚಿ ತೋರಿಸಿದ್ದು, ಒಲೆಯ ಮೇಲೆ ಹಾಲು ಉಕ್ಕಿ ಇಬ್ಬರೂ ಒಳಗೆ ಓಡಿದ್ದು ಎಲ್ಲ ಅವಳಿಗೆ ನೆನಪಾಯಿತು. ತನ್ನ ನಗು ಮಾತ್ರ ನೆನಪಿರಲಿಲ್ಲ. ಅದು ಅವನಿಗಷ್ಟೇ ಕಂಡಿತ್ತು.

"ಕಷ್ಟ ಆದ್ರೆ ನನ್ನದೇ ಇರ್ಲಿ," ತಾತ ಹೇಳಿದರು. "ಒಂದ್ಸಲ ನಿಯಮ ಮುರಿದ್ರೆ ನಿಘಂಟೇನು ಮುಳುಗಿಹೋಗಲ್ಲ."

"ನಿಮ್ಮ ದಾರಿಹೋಕ ಹುಟ್ಟೇ ಇಲ್ಲ ತಾತ. ಇದು ಆಡಿದ ಮಾತು. ಇದೇ ಅಚ್ಚಿಗೆ ಹೋಗ್ಲಿ."

'ಕಳೆಗುಂದು' ಮತ್ತು 'ಕಳ್ಳ'ದ ನಡುವೆ ಚೀಟಿ ಸೇರಿಸಿ ಡ್ರಾಯರು ಮುಚ್ಚಿದಳು. ಮತ್ತೆ ತೆರೆದು, ಹಿಂಬದಿಯನ್ನು ಇನ್ನೊಮ್ಮೆ ಓದಿ, ಮುಚ್ಚಿದಳು.