ಹಾಳೂರಿನ ಕಲ್ಲು

"ಮಮ್ಮಿ, ಮೈ ರೂಯಿನ್ಸ್ ಆರ್ ಗಾನ್!"

ಊಟದ ಮೇಜಿನ ಮುಂದೆ ನಿಂತು ಆದ್ಯಾ ಕೂಗಿದಾಗ ದ್ಯಾಮವ್ವ ಅಡಿಗೆಮನೆಯಿಂದ ಕಸಬರಗಿ ಹಿಡಿದುಕೊಂಡೇ ಬಂದಳು. ಮೊಮ್ಮಗಳ ಇಂಗ್ಲಿಷು ತಿಳಿಯದಿದ್ದರೂ ಮುಖ ನೋಡಿದ್ದೇ ಸಾಕಾಯಿತು.

ಶಾಲೆಗೆಂದು ಹುಡುಗಿ ರಟ್ಟಿನ ಮೇಲೆ ರೋಮನ್ನರ ಕಾಲದ ಗಡಿನಾಡ ಊರೊಂದನ್ನು ಕಟ್ಟಿದ್ದಳು. ಎಡಕ್ಕೆ ಊರು ಮೆರೆದ ಕಾಲ: ಕೋಟೆ, ಸಂತೆ, ಸ್ನಾನದ ಮನೆ. ಬಲಕ್ಕೆ ಅದೇ ಊರು ಹಾಳಾದ ಕಾಲ: ಮೋಟು ಗೋಡೆ, ಸುತ್ತಲೂ ಚೆಲ್ಲಿದ ಮಣ್ಣಿನ ಕಲ್ಲುಗಳು. ಆ ಚೆಲ್ಲಿದ್ದೆಲ್ಲ ದ್ಯಾಮವ್ವನ ಕಣ್ಣಿಗೆ ಕಸವಾಗಿ ಕಂಡಿತ್ತು. ಬೆಳಿಗ್ಗೆ ಎದ್ದವಳೇ ಆರಿಸಿ ಮೇಜು ಒರೆಸಿಬಿಟ್ಟಿದ್ದಳು. ಪುಣ್ಯಕ್ಕೆ ಬಿಸಾಡಿರಲಿಲ್ಲ. ಏನನ್ನಾದರೂ ಬಿಸಾಡುವ ಜಾಯಮಾನವೇ ಅವಳದಲ್ಲ.

"ಅತ್ತೆ, ಇವತ್ತೇ ಅವಳ ಪ್ರೆಸೆಂಟೇಶನ್ನು," ಎಂದಳು ಸೊಸೆ ಪಲ್ಲವಿ, ಕಾರಿನ ಕೀ ಹುಡುಕುತ್ತ. "ಮಾಡೆಲ್ ಹಾಳಾಗೋಯ್ತಲ್ಲ."

"ಹಾಳಾಗಿದ್ದನ್ನ ನಾ ಸ್ವಚ್ಛ ಮಾಡೀನವಾ," ಎಂದ ದ್ಯಾಮವ್ವನ ದನಿ ಇಳಿಯಿತು. ಮುಂದಿನ ವಾರ ಅವಳು ಪರದೇಶದ ಈ ಟಾರ್ನೀಟ್ ಊರು ಬಿಟ್ಟು ಧಾರವಾಡಕ್ಕೆ ಹೊರಡುವವಳು. ಹೋಗುವ ಹೊತ್ತಿಗೆ ಕೂಸಿನ ಮನಸ್ಸು ಮುರಿದೆನಲ್ಲ ಎಂದು ಬಹಳ ಸಂಕಟವಾಯಿತು.

ಕಲ್ಲು ತುಂಬಿದ ಸ್ಟೀಲ್ ಬಟ್ಟಲು ತಂದು ಮೊಮ್ಮಗಳ ಮುಂದಿಟ್ಟಳು. "ಇಲ್ಲಿ ಕೇಳ ಯವ್ವಾ. ನಮ್ಮೂರ ಬಾಜೂಕ ಒಂದು ಹಾಳೂರು ಐತಿ. ಮಂದಿ ಬಿಟ್ಟು ಹೋಗಿ ಭಾಳ ವರ್ಷ ಆತು. ಅಲ್ಲಿ ಹುಡಿಕಿದ್ರೂ ಒಂದು ಛಲೋ ಕಲ್ಲು ಸಿಗೂದಿಲ್ಲ. ನಮ್ಮ ಹೊಸ್ತಿಲ ಅಲ್ಲೀದು, ದನದ ಕೊಟ್ಟಿಗಿ ಅಲ್ಲೀದು. ನಾನ ತಲಿಮ್ಯಾಲ ಹೊತ್ತು ತಂದೀನಿ."

ಆದ್ಯಾ ಕಣ್ಣೊರೆಸಿಕೊಂಡಳು. "ಯು ಸ್ಟೋಲ್ ದೆಮ್?"

"ಕದ್ರಾ ಅಂತ ಕೇಳ್ತಿದಾಳೆ ಅತ್ತೆ," ಪಲ್ಲವಿಗೆ ನಗು ತಡೆಯಲಾಗಲಿಲ್ಲ.

"ಕಳವೇನ ಬಂತು? ಊರು ಹಾಳಾಗಿತ್ತು, ಕಲ್ಲೇನು ಹಾಳಾಗಿರಲಿಲ್ಲ."

ಹುಡುಗಿ ಬಟ್ಟಲು ನೋಡಿದಳು, ಬೋಳಾದ ರಟ್ಟು ನೋಡಿದಳು. ಆಮೇಲೆ ಗೋಂದು ತಂದಳು. ಅಜ್ಜಿ ಮೊಮ್ಮಗಳು ಕೂತು ರಟ್ಟಿನ ಅಂಚಿಗೆ ನೀಲಿ ಬಣ್ಣದಲ್ಲಿ ಬಳಿದಿದ್ದ ಹೊಳೆಯ ದಂಡೆಗೆ ಆ ಕಲ್ಲುಗಳಿಂದಲೇ ಗುಡಿಸಲು ಎಬ್ಬಿಸಿದರು. ಕೊಟ್ಟಿಗೆ ಆಗಲೇಬೇಕೆಂದು ದ್ಯಾಮವ್ವ ಹಟ ಹಿಡಿದಳು. ಪಲ್ಲವಿ ಆಫೀಸಿಗೆ ತಡವಾಗುತ್ತದೆಂದು ಫೋನ್ ಮಾಡಿದಳು.

ಸಂಜೆ ಕಾರು ಬಂದಾಗ ದ್ಯಾಮವ್ವ ಬಾಗಿಲಲ್ಲೇ ಇದ್ದಳು. "ಏನಂದ್ರವಾ ನಿಮ್ಮ ಟೀಚರು?"

"ಊರು ಹಾಳು ಮಾಡಿದ್ದು ಯಾರು ಅಂತ ಕೇಳಿದ್ರಂತೆ," ಎಂದಳು ಪಲ್ಲವಿ. "ಯಾರೂ ಇಲ್ಲ, ಎಲ್ಲಾರೂ ಮನೆಗೆ ತಗೊಂಡು ಹೋದ್ರು ಅಂದ್ಲಂತೆ ಇವಳು."

ಆದ್ಯಾ ಮಾಡೆಲ್ ಅನ್ನು ಮೇಜಿನ ಮೇಲಿಟ್ಟಳು. ಮೋಟು ಗೋಡೆಗೂ ಗುಡಿಸಲಿಗೂ ನಡುವೆ, ಬೆಳಿಗ್ಗೆ ಇಲ್ಲದ ಮಣ್ಣಿನ ಗೊಂಬೆಯೊಂದು ನಿಂತಿತ್ತು. ಮೈಮೇಲೆ ಚಾಕಲೇಟಿನ ಹಸಿರು ಕಾಗದದ ಸೀರೆ, ತಲೆಯ ಮೇಲೊಂದು ಕಲ್ಲು.

"ಅಜ್ಜಿ, ದಟ್ಸ್ ಯು."

ದ್ಯಾಮವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಗೊಂಬೆಯ ಸೆರಗು ಜಾರಿತ್ತು. ಬೆರಳ ತುದಿಯಲ್ಲಿ ಅದನ್ನು ಮೆಲ್ಲಗೆ ಮೇಲಕ್ಕೆಳೆದಳು, ಕಲ್ಲು ಬೀಳದ ಹಾಗೆ.